ಬೆಟ್ಟದ ಬೈಸಿಕಲ್ಲು ಮರಳಿ ಒಂದು ಗೇರಿಗೆ

ಪಾಶ್ಚಾತ್ಯ ನಗರಗಳ ಬೈಸಿಕಲ್ ಸವಾರರಲ್ಲಿ ಕಳೆದ ಮೂವತ್ತು ವರ್ಷಗಳಿಂದೀಚೆಗೆ ಒಂದು ಪರಿಪಾಠವು ಬೆಳೆದು ಬಂದಿದೆ. 1980 ಮತ್ತು 1990ರ ದಶಕಗಳಲ್ಲಿ ಬೆಟ್ಟಗುಡ್ಡಗಳ ದಾರಿಗೆಂದು ನಿರ್ಮಾಣವಾಗಿ, ಅನಂತರ ಹೊಸ ಮಾದರಿಗಳು ಬಂದುದರಿಂದ ಉಗ್ರಾಣದ ಮೂಲೆಯನ್ನೋ ಗುಜರಿಯ ರಾಶಿಯನ್ನೋ ಸೇರಿದ ಮೌಂಟನ್ ಬೈಕುಗಳನ್ನು ಹೊರಗೆಳೆದು, ಅವುಗಳ ಹದಿನೆಂಟು ಇಪ್ಪತ್ತೊಂದು ಗೇರುಗಳನ್ನೆಲ್ಲ ಕಳಚಿಹಾಕಿ, ಒಂದೇ ಗೇರಿನ ಗಾಡಿಯನ್ನಾಗಿ ಮಾರ್ಪಡಿಸಿ, ಕಛೇರಿಗೂ ಪೇಟೆಗೂ ಹೋಗಿಬರಲು ಬಳಸುವುದೇ ಆ ಪರಿಪಾಠ. ಅಪ್ಪ ಅಜ್ಜಂದಿರ ಕಾಲದಿಂದ ಒಂದೇ ಗೇರಿನ ಬೈಸಿಕಲ್ಲನ್ನು ತುಳಿದು ಬಂದ ನಮ್ಮ ನಾಡಿನವರಿಗೆ ಈ ಸುದ್ದಿಯು ನಗೆಯನ್ನು ತರಿಸಿದರೂ ತರಿಸೀತು. ಹಣ ಕೊಟ್ಟು ಕೊಂಡ ಸೌಕರ್ಯವನ್ನು ಕಿತ್ತೊಗೆಯುವುದು ಯಾವ ಜಾಣತನವೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯು ಸಹಜವೇ ಆಗಿದೆ. ಆದರೆ ಈ ಪರಿಪಾಠದ ಹಿಂದೆ ನೂರು ವರ್ಷಗಳನ್ನು ಮೀರಿದ ಒಂದು ವಿವಾದದ ಚರಿತ್ರೆಯಿದೆ. ಆ ಚರಿತ್ರೆಯ ಗುರುತು ಬೈಸಿಕಲ್ಲಿನ ಹಿಂಬದಿಯಲ್ಲಿ, ಚಕ್ರದ ಅಚ್ಚು ಕೂರುವ ಒಂದು ಸಣ್ಣ ಸೀಳಿನಲ್ಲಿ ಇಂದಿಗೂ ಉಳಿದಿದೆ. ಹಳೆಯ ಗಾಡಿಯೊಂದು ಮತ್ತೆ ರಸ್ತೆಗೆ ಬರುವುದೋ ಗುಜರಿಗೇ ಹೋಗುವುದೋ ಎಂಬುದು ಎಷ್ಟೋ ವೇಳೆ ಆ ಸೀಳಿನ ಆಕಾರದಿಂದಲೇ ನಿರ್ಧಾರವಾಗುತ್ತದೆ.

ಮೊದಲು ಗೇರೆಂದರೇನೆಂಬುದನ್ನು ತಿಳಿಯಬೇಕು. 1870ರ ದಶಕದ ಬೈಸಿಕಲ್ಲಿಗೆ ಮುಂದಿನ ಚಕ್ರವು ಆಳೆತ್ತರವಾಗಿಯೂ ಹಿಂದಿನದು ಪುಟ್ಟದಾಗಿಯೂ ಇದ್ದಿತು. ಪೆಡಲುಗಳು ಮುಂಚಕ್ರದ ಅಚ್ಚಿಗೇ ಜೋಡಿಸಲ್ಪಟ್ಟಿದ್ದುದರಿಂದ ಕಾಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು ಸುತ್ತುತ್ತಿತ್ತು. ಹೆಚ್ಚು ವೇಗ ಬೇಕೆನ್ನುವವನಿಗೆ ಹೆಚ್ಚು ದೊಡ್ಡ ಚಕ್ರವಲ್ಲದೆ ಬೇರೆ ಉಪಾಯವಿರಲಿಲ್ಲ. ಅವನ ಕಾಲಿನ ಉದ್ದವೇ ಅದಕ್ಕೆ ಮಿತಿ. 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡನು ರೋಲರ್ ಸರಪಳಿಯನ್ನು ಸಿದ್ಧಪಡಿಸಿದನು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ‘ರೋವರ್’ ಎಂಬ ಬೈಸಿಕಲ್ಲಿನಲ್ಲಿ ಪೆಡಲುಗಳನ್ನು ಎರಡು ಚಕ್ರಗಳ ನಡುವೆ ಇರಿಸಿ, ಸರಪಳಿಯ ಮೂಲಕ ಹಿಂಚಕ್ರವನ್ನು ತಿರುಗಿಸುವ ಕ್ರಮವನ್ನು ನೆಲೆಗೊಳಿಸಿದನು. ಅಲ್ಲಿಂದ ಮುಂದೆ ಚಕ್ರವು ದೊಡ್ಡದಾಗಬೇಕಾಗಿರಲಿಲ್ಲ. ಮುಂದಿನ ಹಲ್ಲುಚಕ್ರದಲ್ಲಿ ಹಲ್ಲುಗಳು ಹೆಚ್ಚಾಗಿ ಹಿಂದಿನದರಲ್ಲಿ ಕಡಿಮೆಯಾದರೆ ಸಾಕಾಗುತ್ತಿತ್ತು. ಹಾಗಿದ್ದರೂ ಇಂಗ್ಲಿಷರ ಎಣಿಕೆಯಲ್ಲಿ ಆ ಹಳೆಯ ದೊಡ್ಡ ಚಕ್ರವು ಸಾಯಲಿಲ್ಲ. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಬಂದುದನ್ನು ಚಕ್ರದ ವ್ಯಾಸದಿಂದ ಗುಣಿಸಿ, ‘ಇಷ್ಟು ಅಂಗುಲದ ಗೇರು’ ಎಂದು ಅವರು ಈಗಲೂ ಹೇಳುತ್ತಾರೆ. ಅಂದರೆ, ಅಷ್ಟು ಅಂಗುಲದ ದೊಡ್ಡ ಚಕ್ರವನ್ನು ನೇರವಾಗಿ ತುಳಿದಂತೆ ಎಂದು ಅರ್ಥ.

ಒಂದೇ ಗೇರಿನ ಕಷ್ಟವು ಏರಿನಲ್ಲಿ ಗೊತ್ತಾಗುತ್ತದೆ. ಸಮನೆಲಕ್ಕೆ ಹಿತವಾದ ಗೇರು ಏರಿಗೆ ಭಾರ. ಏರಿಗೆ ಹಿತವಾದದ್ದು ಸಮನೆಲದಲ್ಲಿ ಕಾಲನ್ನು ಬರಿದೆ ತಿರುಗಿಸುತ್ತದೆ. ಇದಕ್ಕೆ ಪರಿಹಾರವನ್ನು ಹುಡುಕಿದವರು ಬಹುಮಂದಿ. ಇಂಗ್ಲೆಂಡಿನಲ್ಲಿ 1902ರಲ್ಲಿಯೇ ಸ್ಟರ್ಮಿ-ಆರ್ಚರ್ ಎಂಬ ಹೆಸರಿನ, ಹಿಂಚಕ್ರದ ಹಬ್ಬಿನೊಳಗೆ ಅಡಗಿದ ಮೂರು ಗೇರುಗಳ ಯಂತ್ರವು ಹೊರಬಂದಿತು. ಫ್ರಾನ್ಸಿನಲ್ಲಿ ಮಾತ್ರ ಇದೇ ವಿಷಯವು ಮತಭೇದದಷ್ಟು ತೀಕ್ಷ್ಣವಾದ ವಾದಕ್ಕೆ ಕಾರಣವಾಯಿತು. ಸೇಂತ್-ಎತಿಯೆನ್ ಪಟ್ಟಣದ ಪಾಲ್ ದ ವಿವಿ (1853–1930) ಎಂಬಾತನು ‘ವೆಲೋಸಿಯೋ’ ಎಂಬ ಅಂಕಿತದಿಂದ ಪ್ರಸಿದ್ಧನಾದವನು. 1887ರಲ್ಲಿ ‘ಲ ಸಿಕ್ಲಿಸ್ತ್’ ಎಂಬ ಪತ್ರಿಕೆಯನ್ನು ಆರಂಭಿಸಿ, ಸುತ್ತಲಿನ ಬೆಟ್ಟಗಳಲ್ಲಿ ತಾನೇ ಗಾಡಿ ತುಳಿದು ಪರೀಕ್ಷಿಸಿ, ಬೈಸಿಕಲ್ಲಿಗೆ ಹಲವು ಗೇರುಗಳಿರಬೇಕೆಂದು ಜೀವಮಾನವಿಡೀ ವಾದಿಸಿದನು. ಅವನಿಗೆ ಪ್ರತಿಕಕ್ಷಿಯಾಗಿದ್ದವನು 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆನ್ರಿ ದೆಗ್ರಾಂಜ್. ಗೇರು ಬದಲಾಯಿಸುವುದು ಮುದುಕರಿಗೂ ದುರ್ಬಲರಿಗೂ ತಕ್ಕದ್ದು, ತೊಡೆಯ ಬಲದಿಂದಲೇ ಗೆಲ್ಲುವುದು ಗಂಡಸುತನ ಎಂಬುದು ಅವನ ಮತ. 1902ರಲ್ಲಿ ಫ್ರಾನ್ಸಿನ ಪ್ರವಾಸ ಸಂಘವು ಏರ್ಪಡಿಸಿದ ಬೆಟ್ಟದ ಸ್ಪರ್ಧೆಯೊಂದರಲ್ಲಿ ಮೂರು ಗೇರಿನ ಗಾಡಿಯನ್ನೇರಿದ ಮಾರ್ತ್ ಹೆಸ್ ಎಂಬ ಮಹಿಳೆಯು ಒಂದೇ ಗೇರಿನ ಪ್ರಸಿದ್ಧ ಪಂದ್ಯಗಾರನನ್ನು ಹಿಂದಿಕ್ಕಿದಳು. ಇದನ್ನು ಕಂಡ ಮೇಲೂ ದೆಗ್ರಾಂಜನ ಮತವು ಬದಲಾಗಲಿಲ್ಲ. ಗಂಡಸುತನದ ತರ್ಕವನ್ನು ಹೆಂಗಸೊಬ್ಬಳು ಬೆಟ್ಟದ ತುದಿಯಲ್ಲಿ ಮುರಿದಿಟ್ಟಾಗಲೂ ಒಪ್ಪದವನಿಗೆ ಬೇರೆ ಯಾವ ಸಾಕ್ಷ್ಯವು ಸಾಕಾದೀತು?

ಅವನ ಪಂದ್ಯದಲ್ಲಿ ಓಡಿದವರ ಪಾಡನ್ನು ಇಲ್ಲಿ ಹೇಳಬೇಕು, ಏಕೆಂದರೆ ಸೀಳಿನ ಕಥೆಯು ಅಲ್ಲಿಂದಲೇ ತಿಳಿಯಾಗುತ್ತದೆ. 1910ರಲ್ಲಿ ಪಂದ್ಯವು ಮೊದಲ ಬಾರಿಗೆ ಪಿರೆನೀಸ್ ಪರ್ವತಗಳ ಎತ್ತರದ ಕಣಿವೆದಾರಿಗಳನ್ನು ಹೊಕ್ಕಿತು. ಆ ವರ್ಷದ ವಿಜೇತನಾದ ಒಕ್ತಾವ್ ಲಪೀಜನು ಕಡಿದಾದ ಕಡೆಗಳಲ್ಲಿ ಇಳಿದು ಗಾಡಿಯನ್ನು ನೂಕಿಕೊಂಡು ನಡೆದನೆಂದೂ, ಎದುರಾದ ಪಂದ್ಯದ ಅಧಿಕಾರಿಗಳನ್ನು ಕೊಲೆಗಡುಕರೆಂದು ಬೈದನೆಂದೂ ಪ್ರತೀತಿಯಿದೆ. ಇಂಥವರಿಗೆ ಉಳಿದಿದ್ದ ಉಪಾಯವು ಒಂದೇ. ಹಿಂಚಕ್ರದ ಎರಡು ಮಗ್ಗುಲಿಗೂ ಬೇರೆಬೇರೆ ಅಳತೆಯ ಹಲ್ಲುಚಕ್ರಗಳನ್ನು ಕೂರಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನೇ ಮಗುಚಿ ಹಾಕಿ ಮುಂದೆ ಹೊರಡುವುದು. ತುದಿಯಲ್ಲಿ ಮತ್ತೆ ಇಳಿದು ಮೊದಲಿನಂತೆ ಮಾಡುವುದು. ಹಲ್ಲುಗಳ ಸಂಖ್ಯೆಯು ಬದಲಾದಾಗ ಸರಪಳಿಯು ಬಿಗಿಯಾಗುವುದು ಅಥವಾ ಜೋಲುಬೀಳುವುದು ಸಹಜವಷ್ಟೆ. ಆದಕಾರಣ ಅಚ್ಚನ್ನು ಹಿಂದಕ್ಕೂ ಮುಂದಕ್ಕೂ ಸರಿಸಲು ಎಡೆಯಿರಬೇಕಾಗಿತ್ತು. ಅಚ್ಚಿನ ಸೀಳು ನೆಲಕ್ಕೆ ಸಮಾಂತರವಾಗಿ ಉದ್ದವಾಗಿರುತ್ತಿತ್ತು. ನಮ್ಮ ಊರುಗಳ ಸಾದಾ ಬೈಸಿಕಲ್ಲಿನಲ್ಲಿಯೂ ಇರುವುದು ಇಂಥ ಅಡ್ಡಸೀಳೇ. ಚೈನು ಜೋತುಬಿದ್ದಿತೆಂದು ರಿಪೇರಿ ಅಂಗಡಿಗೆ ಒಯ್ದರೆ ಅಂಗಡಿಯವನು ಎರಡು ನಟ್ಟು ಸಡಿಲಿಸಿ, ಚಕ್ರವನ್ನು ಹಿಂದಕ್ಕೆಳೆದು, ಮತ್ತೆ ಬಿಗಿದು ಕೊಡುವುದನ್ನು ನೋಡದವರಾರು?

1928ರಲ್ಲಿ ದಿಜೋನಿನ ಲೂಸಿಯೆನ್ ಜುಯಿ ಎಂಬಾತನು ‘ಸಿಂಪ್ಲೆಕ್ಸ್’ ಎಂಬ ಡಿರೇಲರನ್ನು ಮಾರಾಟಕ್ಕೆ ತಂದನು. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ತಳ್ಳುವ ಸಾಧನಕ್ಕೆ ಡಿರೇಲರೆಂದು ಹೆಸರು. ಹಳಿ ತಪ್ಪಿಸುವುದೆಂದೇ ಆ ಫ್ರೆಂಚ್ ಪದದ ಅರ್ಥ. ಪ್ರವಾಸಿಗಳು ಅದನ್ನು ಸಂತೋಷದಿಂದ ಬಳಸಿದರು. ವೆಲೋಸಿಯೋ 1930ರಲ್ಲಿ ತನ್ನ ಊರಿನ ಬೀದಿಯಲ್ಲಿಯೇ ಟ್ರಾಮಿಗೆ ಸಿಕ್ಕಿ ಮೃತನಾದನು. ಟೂರ್ ಪಂದ್ಯದಲ್ಲಿ ತನ್ನ ಪಕ್ಷವು ಗೆದ್ದುದನ್ನು ನೋಡಲು ಅವನಿಗೆ ಆಯುಸ್ಸು ಸಾಲಲಿಲ್ಲ. ದೆಗ್ರಾಂಜನು ಅನಾರೋಗ್ಯದಿಂದ ಹಿಂದೆ ಸರಿದ ಮೇಲೆ, 1937ರ ಪಂದ್ಯದಲ್ಲಿ ಡಿರೇಲರಿಗೆ ಅನುಮತಿ ದೊರೆಯಿತು. ಆ ವರ್ಷ ಗೆದ್ದ ರೋಜೆ ಲಪೆಬಿಯ ಗಾಡಿಯಲ್ಲಿ ಡಿರೇಲರೇ ಇದ್ದಿತು.

ಈ ಗದ್ದಲವೆಲ್ಲ ಯೂರೋಪಿನದು. ಮೌಂಟನ್ ಬೈಕಿನ ತವರಾದ ಅಮೆರಿಕದಲ್ಲಿ ಮೋಟಾರು ವಾಹನವು ಬೆಳೆದ ಮೇಲೆ ಬೈಸಿಕಲ್ಲು ಬಹುಮಟ್ಟಿಗೆ ಹುಡುಗರ ವಾಹನವಾಗಿ ಹೋಗಿದ್ದಿತು. ಷಿಕಾಗೋ ನಗರದ ಷ್ವಿನ್ ಕಂಪೆನಿಯವರು 1933ರಲ್ಲಿ ದಪ್ಪನೆಯ ಬಲೂನ್ ಟೈರಿನ ಗಾಡಿಯನ್ನು ಹೊರತಂದರು. ಭಾರವಾದ ಉಕ್ಕಿನ ಚೌಕಟ್ಟು, ಒಂದೇ ಗೇರು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ಬಿನ ಬ್ರೇಕು. ಪತ್ರಿಕೆ ಹಂಚುವ ಹುಡುಗರು ಅವನ್ನೇ ಓಡಿಸಿ ಬೆಳೆದರು. ನಲವತ್ತು ವರ್ಷಗಳ ತರುವಾಯ, ಯಾರಿಗೂ ಬೇಡವಾಗಿ ಕೊಟ್ಟಿಗೆಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಈ ಗಾಡಿಗಳನ್ನು ಸಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಮರೀನ್ ಕೌಂಟಿಯ ಕೆಲವರು ತರುಣರು ಅಗ್ಗದ ಬೆಲೆಗೆ ಕೊಂಡು ಬೆಟ್ಟದ ಮೇಲಿನಿಂದ ಕೆಳಕ್ಕೆ ಓಡಿಸಲಾರಂಭಿಸಿದರು. ಫೇರ್‌ಫ್ಯಾಕ್ಸ್ ಊರಿನ ಬಳಿ ಸುಮಾರು 2 ಮೈಲಿಯಲ್ಲಿ 1300 ಅಡಿಗಳಷ್ಟು ಇಳಿಯುವ ಮಣ್ಣಿನ ಹಾದಿಯೊಂದರಲ್ಲಿ 1976ರ ಅಕ್ಟೋಬರ್ 21ರಂದು ಮೊದಲ ಪಂದ್ಯವು ನಡೆಯಿತು. ಆ ಹಾದಿಗೆ ‘ರೀಪ್ಯಾಕ್’ ಎಂದು ಹೆಸರು. ಇಳಿಯುವಾಗ ಬ್ರೇಕಿನ ಹಬ್ಬು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದುದರಿಂದ, ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಗ್ರೀಸು ತುಂಬಬೇಕಾಗುತ್ತಿತ್ತು; ಹೆಸರು ಬಂದುದು ಅದರಿಂದ.

ಇಳಿಯುವುದಕ್ಕೆ ಒಂದು ಗೇರು ಸಾಕು, ಹತ್ತುವುದಕ್ಕೆ ಸಾಲದು. ತರುಣರು ಗಾಡಿಯನ್ನು ನೂಕಿಕೊಂಡೋ ಲಾರಿಯಲ್ಲಿ ಹೇರಿಕೊಂಡೋ ಮೇಲೆ ಹೋಗುತ್ತಿದ್ದರು. 1970ರ ದಶಕದ ನಡುವಿನಲ್ಲಿ ಗ್ಯಾರಿ ಫಿಷರ್ ಮೊದಲಾದವರು ಅದೇ ಹಳೆಯ ಚೌಕಟ್ಟುಗಳಿಗೆ ಪ್ರವಾಸಿ ಬೈಸಿಕಲ್ಲಿನ ಡಿರೇಲರುಗಳನ್ನು ಜೋಡಿಸಿದರು. 1977ರಲ್ಲಿ ಜೋ ಬ್ರೀಜ್ ಈ ಆಟಕ್ಕೆಂದೇ ಹೊಸ ಚೌಕಟ್ಟನ್ನು ಬೆಸೆದನು. 1979ರಲ್ಲಿ ಫಿಷರ್ ಮತ್ತು ಚಾರ್ಲಿ ಕೆಲಿ ಇಬ್ಬರೂ ಸೇರಿ, ಟಾಮ್ ರಿಚಿಯು ಮಾಡಿಕೊಟ್ಟ ಚೌಕಟ್ಟುಗಳಿಂದ, ‘ಮೌಂಟನ್ ಬೈಕ್ಸ್’ ಎಂಬ ವ್ಯಾಪಾರವನ್ನು ತೆರೆದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪೆನಿಯ ‘ಸ್ಟಂಪ್‌ಜಂಪರ್’ ಜಪಾನಿನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂದ ಬಳಿಕ ಅಮೆರಿಕದಲ್ಲಿ ಮೌಂಟನ್ ಬೈಕಿನ ಪ್ರವಾಹವನ್ನು ತಡೆಯುವವರಿರಲಿಲ್ಲ. ಹೀಗೆ ಮೌಂಟನ್ ಬೈಕೆಂಬುದು ಹುಟ್ಟಿನಿಂದಲೇ ಒಂದು ಮಾರ್ಪಾಟು. ಗುಜರಿಗೆ ಬಿದ್ದ ಒಂದೇ ಗೇರಿನ ಗಾಡಿಯನ್ನು ಎತ್ತಿ ಹಲವು ಗೇರುಗಳನ್ನು ಕಟ್ಟಿದ್ದರಿಂದ ಆದುದು. ಈಗಿನವರು ಅದರ ಗೇರುಗಳನ್ನು ಕಳಚುವುದನ್ನು ವಿಚಿತ್ರವೆನ್ನುವವರು ಈ ವಂಶಾವಳಿಯನ್ನು ಮರೆತಿರುತ್ತಾರೆ.

ಗೇರುಗಳು ಬಂದ ಮೇಲೆ ಸೀಳು ತಿರುಗಿತು. ಡಿರೇಲರಿನ ತೋಳಿನಲ್ಲಿರುವ ಸ್ಪ್ರಿಂಗು ಸರಪಳಿಯ ಜೋಲನ್ನು ತಾನೇ ಎಳೆದುಕೊಳ್ಳುವುದರಿಂದ ಅಚ್ಚನ್ನು ಸರಿಸುವ ಅಗತ್ಯವು ಉಳಿಯಲಿಲ್ಲ. ಅದಲ್ಲದೆ ಅಡ್ಡಸೀಳಿನಲ್ಲಿ ಬಲವಾಗಿ ತುಳಿದಾಗ ಚಕ್ರವು ಓರೆಯಾಗಿ ಜಾರುವುದುಂಟು. ಜಪಾನಿನ ಷಿಮಾನೋ ಕಂಪೆನಿಯವರು 1984ರಲ್ಲಿ, ಲಿವರಿನ ಒಂದು ‘ಟಕ್’ ಶಬ್ದಕ್ಕೆ ಸರಪಳಿಯು ಸರಿಯಾಗಿ ಒಂದೇ ಹಲ್ಲುಚಕ್ರದಷ್ಟು ಸರಿಯುವ ವ್ಯವಸ್ಥೆಯನ್ನು ತಂದಮೇಲೆ, ಚಕ್ರವು ಪ್ರತಿ ಸಾರಿಯೂ ಅದೇ ಜಾಗದಲ್ಲಿ ಕೂರುವುದು ಇನ್ನೂ ಮುಖ್ಯವಾಯಿತು. ಆದುದರಿಂದ ಸೀಳನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಕೊರೆಯುವ ಪದ್ಧತಿಯು ಮೌಂಟನ್ ಬೈಕುಗಳಲ್ಲಿ ರೂಢಿಗೆ ಬಂದಿತು. ಪಂಕ್ಚರಾದಾಗ ಚಕ್ರವನ್ನು ತೆಗೆದು ಹಾಕುವುದು ಅದರಿಂದ ಬಹಳ ಸುಲಭವಾಯಿತೆಂಬುದನ್ನು ಒಪ್ಪಲೇಬೇಕು. ಒಂದು ಗೇರಿಗೆ ಮರಳುವ ದಾರಿಯು ಇದರಿಂದ ಮುಚ್ಚಿಹೋಯಿತೆಂಬುದನ್ನು ಮಾತ್ರ ಆಗ ಯಾರೂ ಯೋಚಿಸಲಿಲ್ಲ. ಮರಳುವವರಿದ್ದಾರೆಂದು ಯಾರಿಗೆ ಗೊತ್ತಿತ್ತು?

ಮರಳುವವರು 1990ರ ದಶಕದಲ್ಲಿ ಕಾಣಿಸಿಕೊಂಡರು. ಮಳೆ, ಕೆಸರು, ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಇವುಗಳಿಂದ ಡಿರೇಲರು, ಕೇಬಲ್ಲು, ಲಿವರುಗಳು ಕೆಡುತ್ತಿದ್ದುವು. ಅವನ್ನು ಸರಿಪಡಿಸುವ ಖರ್ಚು ಹಳೆಯ ಗಾಡಿಯ ಬೆಲೆಯನ್ನೇ ಮೀರುತ್ತಿತ್ತು. ಚೌಕಟ್ಟಾದರೋ ಗಟ್ಟಿ ಉಕ್ಕಿನದು. ಅದಕ್ಕೆ ಏನೂ ಆಗಿರುತ್ತಿರಲಿಲ್ಲ. ಮಸಾಚುಸೆಟ್ಸಿನ ಷೆಲ್ಡನ್ ಬ್ರೌನ್ (1944–2008) ಎಂಬ ಬೈಸಿಕಲ್ ತಜ್ಞನು ಇಂಥ ಮಾರ್ಪಾಟಿನ ಕ್ರಮವನ್ನು ಸಾಮಾನ್ಯ ಜನರಿಗೆ ತಿಳಿಯುವಂತೆ ವಿಸ್ತಾರವಾಗಿ ಬರೆದವರಲ್ಲಿ ಪ್ರಮುಖನು. ಪಂದ್ಯಕ್ಕಾಗಿಯೂ ಷೋಕಿಗಾಗಿಯೂ ಒಂದು ಗೇರನ್ನು ಹಿಡಿದವರು ಇಲ್ಲದಿಲ್ಲ. ಅವರ ಮಾತು ಇಲ್ಲಿ ಬೇಡ. ದಿನವೂ ಕೆಲಸಕ್ಕೆ ಹೋಗಿಬರುವವನಿಗೆ ಬೇಕಾದುದು ಬೆಳಗ್ಗೆ ಹೊರಟಾಗ ಕೈಕೊಡದ ಗಾಡಿ.

ಕೆಲಸದ ಮೊದಲ ಭಾಗವು ಸುಲಭ. ಲಿವರು, ಕೇಬಲ್ಲು, ಎರಡೂ ಡಿರೇಲರುಗಳನ್ನು ಕಳಚಬೇಕು. ಹಿಂದಿನ ಹಬ್ಬಿನ ಮೇಲೆ ಸಾಲಾಗಿ ಕೂತ ಹಲ್ಲುಚಕ್ರಗಳನ್ನು ತೆಗೆದು, ಒಂದನ್ನು ಮಾತ್ರ ಇರಿಸಿ, ಮಿಕ್ಕ ಎಡೆಯನ್ನು ಬಳೆಗಳಿಂದ ತುಂಬಬೇಕು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 1989ರಿಂದೀಚಿನ ಷಿಮಾನೋ ಹಲ್ಲುಚಕ್ರಗಳಲ್ಲಿ ಸರಪಳಿಯು ಸುಲಭವಾಗಿ ಪಕ್ಕಕ್ಕೆ ದಾಟಲೆಂದು ಕೆಲವು ಹಲ್ಲುಗಳನ್ನು ಬೇಕೆಂದೇ ತಗ್ಗಿಸಿ ಓರೆಯಾಗಿ ಕೊರೆದಿರುತ್ತಾರೆ. ದಾಟಲೇಬಾರದ ಸರಪಳಿಗೆ ಅಂಥ ಹಲ್ಲು ಶತ್ರು. ಪೂರ್ಣ ಎತ್ತರದ ಹಲ್ಲುಳ್ಳ ಬಿಡಿ ಚಕ್ರವನ್ನೇ ಕೊಳ್ಳಬೇಕು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳು ಒಂದೇ ಗೆರೆಯಲ್ಲಿರುವಂತೆ ಬಳೆಗಳನ್ನು ಆಚೀಚೆ ಮಾಡಿ ನೋಡಬೇಕು. ಮುಂದಿನ ಹೊರಚಕ್ರವನ್ನು ನಡುವಣ ಸ್ಥಾನಕ್ಕೆ ತಂದು, ಅದು ಚೌಕಟ್ಟಿಗೆ ತಗಲದೆಂದು ಖಾತರಿ ಮಾಡಿಕೊಂಡು, ಗಿಡ್ಡ ಬೋಲ್ಟುಗಳಿಂದ ಬಿಗಿಯುವುದೂ ಉಂಟು.

ಎಷ್ಟು ಹಲ್ಲೆಂಬುದು ಮುಂದಿನ ಪ್ರಶ್ನೆ. ಮೌಂಟನ್ ಬೈಕಿನ ಚಕ್ರವು 26 ಅಂಗುಲದ್ದು. ಬೆಟ್ಟದಲ್ಲಿ ಒಂದೇ ಗೇರನ್ನು ತುಳಿಯುವವರು ಮುಂದೆ 32, ಹಿಂದೆ 16 ಹಲ್ಲುಗಳನ್ನಿಡುವುದು ವಾಡಿಕೆ. ಅದು 52 ಅಂಗುಲದ ಗೇರು. ಸಮವಾದ ನಗರದ ರಸ್ತೆಗೆ ಅದು ತೀರ ಹಗುರ. 1990ರ ದಶಕದ ಹಲವು ಮೌಂಟನ್ ಬೈಕುಗಳಲ್ಲಿ ಮುಂದೆ 42, 32, 22 ಹಲ್ಲುಗಳ ಮೂರು ಚಕ್ರಗಳಿದ್ದುವು. ಅವುಗಳಲ್ಲಿ 42ರದನ್ನು ಉಳಿಸಿಕೊಂಡು ಹಿಂದೆ 16 ಹಲ್ಲುಗಳದನ್ನು ಹಾಕಿದರೆ ಗೇರು 68 ಅಂಗುಲವನ್ನು ಸ್ವಲ್ಪ ಮೀರುತ್ತದೆ. ನಿಮಿಷಕ್ಕೆ 70 ಸುತ್ತಿನಂತೆ ತುಳಿದರೆ ಗಂಟೆಗೆ ಸುಮಾರು 23 ಕಿಲೋಮೀಟರು ಸಾಗಬಹುದು. ಈಗ ನಮ್ಮ ದೇಶದ 28 ಅಂಗುಲದ ಸಾದಾ ಬೈಸಿಕಲ್ಲನ್ನು ನೋಡಿ. ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಅದರ ಗೇರೂ 68 ಅಂಗುಲವೇ. ಎರಡಕ್ಕೂ ಇರುವ ಅಂತರ ಅರ್ಧ ಅಂಗುಲಕ್ಕಿಂತಲೂ ಕಡಿಮೆ. ಇಂಗ್ಲೆಂಡಿನ ಮಾದರಿಯಲ್ಲಿ ಇಲ್ಲಿಗೆ ಬಂದು, 1949ರಲ್ಲಿ ಮದರಾಸಿನಲ್ಲಿ, 1951ರಲ್ಲಿ ಸೋನಿಪತ್ತಿನಲ್ಲಿ, 1956ರಲ್ಲಿ ಲುಧಿಯಾನದಲ್ಲಿ ಸ್ಥಾಪಿತವಾದ ಕಾರ್ಖಾನೆಗಳಿಂದ ಲಕ್ಷಗಟ್ಟಲೆಯಾಗಿ ಹೊರಬಿದ್ದ ಆ ಸಾದಾ ಗಾಡಿಯು, ಹಾಲಿನ ಕ್ಯಾನನ್ನೋ ಹುಲ್ಲಿನ ಹೊರೆಯನ್ನೋ ಕ್ಯಾರಿಯರಿನಲ್ಲಿ ಹೊತ್ತು, ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರಿನಂತೆ ಊರೂರು ತಿರುಗಿತು. ಇಪ್ಪತ್ತೊಂದು ಗೇರುಗಳನ್ನು ಕಳೆದುಕೊಂಡು ಪಾಶ್ಚಾತ್ಯ ಸವಾರನು ಬಂದು ಮುಟ್ಟುವ ಅಂಕಿಯಲ್ಲಿ ಹಾಲಿನವನು ಮೊದಲಿನಿಂದಲೂ ಇದ್ದನು. ಇದನ್ನು ಹೆಮ್ಮೆಗೆ ಕಾರಣವೆನ್ನಲಾಗದು. ಘಟ್ಟದ ಏರಿನಲ್ಲಿ ಇಳಿದು ನೂಕಿಕೊಂಡು ಹೋದವನಿಗೆ ಇನ್ನೊಂದು ಗೇರು ಸಿಕ್ಕಿದ್ದರೆ ಅವನು ಬೇಡವೆನ್ನುತ್ತಿರಲಿಲ್ಲ. ಅವನ ಒಂದು ಗೇರು ಬಡತನದ್ದು, ಆರಿಸಿಕೊಂಡದ್ದಲ್ಲ.

ಇನ್ನು ಉಳಿದುದು ಸೀಳು. ಸರಪಳಿಯ ಒಂದೊಂದು ಕೊಂಡಿಯೂ ಅರ್ಧ ಅಂಗುಲ. ಅಗಲದ ಕೊಂಡಿಯೂ ಕಿರಿದಾದ ಕೊಂಡಿಯೂ ಒಂದಾದ ಮೇಲೊಂದು ಬರುವುದರಿಂದ ಸರಪಳಿಯನ್ನು ಒಂದು ಅಂಗುಲಕ್ಕೆ ಕಡಿಮೆಯಿಲ್ಲದಂತೆ ಮಾತ್ರ ಕತ್ತರಿಸಬಹುದು ಅಥವಾ ಸೇರಿಸಬಹುದು. ಅದರಿಂದ ಅಚ್ಚು ಅರ್ಧ ಅಂಗುಲ ಸರಿಯಬೇಕಾಗುತ್ತದೆ. ಒಂದು ಕಡೆ ಅಗಲವೂ ಇನ್ನೊಂದು ಕಡೆ ಕಿರಿದೂ ಆಗಿರುವ ‘ಅರ್ಧ ಕೊಂಡಿ’ಯನ್ನು ಸೇರಿಸಿದರೆ ಇದು ಕಾಲು ಅಂಗುಲಕ್ಕಿಳಿಯುತ್ತದೆ. ಹಲ್ಲುಚಕ್ರದಲ್ಲಿ ಒಂದು ಹಲ್ಲು ಹೆಚ್ಚು ಕಡಿಮೆಯಾದರೆ ಅಚ್ಚಿನ ಜಾಗವು ಸುಮಾರು ಅರೆಕಾಲು ಅಂಗುಲ ಬದಲಾಗುತ್ತದೆ. ಅಡ್ಡಸೀಳುಳ್ಳ ಗಾಡಿಗೆ ಈ ಲೆಕ್ಕವೇ ಬೇಡ, ಚಕ್ರವನ್ನು ಹಿಂದಕ್ಕೆಳೆದರಾಯಿತು. ನೇರಸೀಳಿನ ಗಾಡಿಗಾದರೆ ಹಲ್ಲುಗಳನ್ನೂ ಕೊಂಡಿಗಳನ್ನೂ ಕೂಡಿ ಕಳೆದು, ಅದೃಷ್ಟವಿದ್ದರೆ ಸರಪಳಿಯು ಸರಿಯಾಗಿ ಬಿಗಿಯಾಗುವ ಒಂದು ಜೋಡಿಯನ್ನು ಹುಡುಕಬಹುದು. ಹಾಗೆ ದೊರೆತ ಜೋಡಿಯೂ ಬಹುಕಾಲ ಬಾಳುವುದಿಲ್ಲ. ಸುಮಾರು 50 ಅಂಗುಲದ ಸರಪಳಿಯು ಸವೆದು ನೂರಕ್ಕೆ ಅರ್ಧದಷ್ಟು ಉದ್ದವಾದರೂ ಕಾಲು ಅಂಗುಲದ ಜೋಲು ಬರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ಸರಪಳಿಯು ಹಾರಿದರೆ ಸವಾರನು ಮುಗ್ಗರಿಸಿ ಬೀಳುವುದು ನಿಶ್ಚಯ.

ಕುಶಲಿಗಳು ಇದಕ್ಕೆ ಮೂರು ನಾಲ್ಕು ಉಪಾಯಗಳನ್ನು ಕಂಡುಕೊಂಡರು. ಇಬ್ಬರು ಕೂರುವ ಜೋಡಿ ಬೈಸಿಕಲ್ಲುಗಳಲ್ಲಿ ಬಹುಕಾಲದಿಂದಿದ್ದ, ಪೆಡಲಿನ ಅಚ್ಚನ್ನು ಕೇಂದ್ರದಿಂದ ಸ್ವಲ್ಪ ಪಕ್ಕಕ್ಕೆ ಕೂರಿಸಿ ತಿರುಗಿಸುವ ಉಪಾಯವನ್ನು ಕೆಲವರು ತಂದರು. ಹಿಂಚಕ್ರದ ಹಬ್ಬಿನಲ್ಲಿಯೇ ಅಚ್ಚನ್ನು ಹಾಗೆ ಪಕ್ಕಕ್ಕೆ ಇರಿಸಿದ ಹಬ್ಬುಗಳೂ ಬಂದುವು, ಬೆಲೆ ಹೆಚ್ಚು. ಕೈಯಲ್ಲಿ ಹಣವಿಲ್ಲದವರ ಉಪಾಯವೇ ಎಲ್ಲಕ್ಕಿಂತ ಸೊಗಸಾದುದು. ಕಳಚಿಟ್ಟ ಹಿಂದಿನ ಡಿರೇಲರನ್ನೇ ಮತ್ತೆ ಅದರ ಜಾಗದಲ್ಲಿ ಕೂರಿಸಿ, ಅಂಗೈಯುದ್ದದ ತುಂಡು ಕೇಬಲ್ಲಿನಿಂದಲೂ ಮಿತಿಯ ತಿರುಪುಗಳಿಂದಲೂ ಅದರ ಚಲನೆಯನ್ನು ಕಟ್ಟಿಹಾಕಿ, ಅದರ ಸ್ಪ್ರಿಂಗಿಗೆ ಸರಪಳಿಯ ಜೋಲನ್ನು ಎಳೆದು ಹಿಡಿಯುವ ಕೆಲಸವೊಂದನ್ನು ಮಾತ್ರ ಉಳಿಸುವುದು. ಹಳಿ ತಪ್ಪಿಸುವುದಕ್ಕೆಂದು ಹುಟ್ಟಿದ ಸಾಧನವು ಹೀಗೆ ಹಳಿಯ ಕಾವಲಿಗೆ ನಿಲ್ಲುತ್ತದೆ. ನೋಡುವವರಿಗೆ ಗೇರಿನ ಗಾಡಿಯಂತೆಯೇ ಕಾಣುವುದರಿಂದ ಷೋಕಿಯವರು ಇದನ್ನು ಮೆಚ್ಚುವುದಿಲ್ಲ. ಕೆಲಸಕ್ಕೆ ಮಾತ್ರ ಇದರಲ್ಲಿ ಕೊರತೆಯಿಲ್ಲ.

ಮುಳ್ಳುಮುಳ್ಳಾದ ದಪ್ಪ ಟೈರುಗಳ ಬದಲಿಗೆ ನುಣುಪಾದ ಟೈರು, ಮಡ್‌ಗಾರ್ಡು, ಕ್ಯಾರಿಯರು, ದೀಪ, ಬೆಲ್ಲು ಇವಿಷ್ಟನ್ನು ಕೂಡಿಸಿದರೆ ಗಾಡಿಯು ಪೇಟೆಗೆ ಸಿದ್ಧ. ಬ್ರೇಕಿನ ಕಟ್ಟೆಗಳನ್ನೂ ಕೇಬಲ್ಲುಗಳನ್ನೂ ಹೊಸದಾಗಿ ಹಾಕುವುದರಲ್ಲಿ ಜಿಪುಣತನವು ಸಲ್ಲದು. ಕಳಚಿದ ಲಿವರು, ಬಳಸದ ಹಲ್ಲುಚಕ್ರ, ತಿರುಪುಗಳನ್ನು ಬಲ್ಲವರು ಎಸೆಯದೆ ಒಂದು ಡಬ್ಬಿಯಲ್ಲಿ ಕಟ್ಟಿಡುತ್ತಾರೆ. ಬೇರೆ ಉಪಾಯದಿಂದ ಸರಪಳಿಯನ್ನು ಬಿಗಿದ ಗಾಡಿಗಳಲ್ಲಿ, ಅಚ್ಚಿನ ಸೀಳಿನ ಕೆಳಗೆ, ಡಿರೇಲರು ತೂಗುತ್ತಿದ್ದ ಉಕ್ಕಿನ ಕಿವಿಯೊಂದು ತೂತಿನ ಸಮೇತ ಹಾಗೆಯೇ ಉಳಿದಿರುತ್ತದೆ. ಅದನ್ನು ಅರದಿಂದ ಉಜ್ಜಿ ತೆಗೆಯುವವರೂ ಇದ್ದಾರೆ. ಹೆಚ್ಚಿನವರು ತೆಗೆಯುವುದಿಲ್ಲ, ಗಾಡಿಯು ಮುಂದೆ ಏರುದಾರಿಯ ಊರಿನವನೊಬ್ಬನ ಕೈಸೇರಿದರೆ ಅವನು ಡಬ್ಬಿಯನ್ನು ತೆರೆದು ಡಿರೇಲರನ್ನು ಮತ್ತೆ ಅಲ್ಲಿಯೇ ತೂಗುಹಾಕಬಹುದು.